ಮುಕ್ಕಾಲು ಲೀಟರ್

ಸತ್ತ ತಮ್ಮನ ಪಾದ ಹಿಡಿದು ಅಳುತ್ತಿದ್ದ ಅಕ್ಕನ ಕೈಯನ್ನು ಅವನ ಹೆಂಡತಿ ಒಂದೊಂದೇ ಬೆರಳು ಬಿಡಿಸಿ ತೆಗೆದಳು. ಸಮಾಧಾನ ಮಾಡುತ್ತಿದ್ದಾಳೆ ಎಂದೇ ಸುತ್ತ ಕೂತವರು ಅಂದುಕೊಂಡರು.

ಸತ್ತವನು ವಾಚ್ ರಿಪೇರಿಯವನು. ಬಸ್ ಸ್ಟ್ಯಾಂಡ್ ಎದುರು, ಕಪಾಟಿನಷ್ಟೇ ಅಗಲದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತು ವರ್ಷ ಕೂತಿದ್ದ. ಯಾರಿಗೂ ಇವತ್ತು ಬಾ ನಾಳೆ ಬಾ ಅಂದವನಲ್ಲ ಎಂದು ಗಿರಾಕಿಗಳು ಮಾತಾಡಿಕೊಳ್ಳುತ್ತಿದ್ದಾಗ ಅಕ್ಕ ಎಲ್ಲರಿಗೂ ಕೇಳುವಂತೆ ದನಿ ಎತ್ತಿದಳು.

"ನೀರನ್ನೂ ಅಳೆದು ಅಳೆದು ಕೊಟ್ರಲ್ಲೋ ನಿಂಗೆ. ಬಾಯಾರಿಕೇಲೇ ಕಳಿಸಿಬಿಟ್ರಲ್ಲೋ."

ಹೆಂಗಸರೆಲ್ಲ ಹೆಂಡತಿಯ ಮುಖ ನೋಡಿದರು.

*

ಅಳೆದದ್ದು ನಿಜ. ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೇಲೆ ಅವನಿಗೆ ದಿನಕ್ಕೆ ಮುಕ್ಕಾಲು ಲೀಟರ್ ಮಾತ್ರ, ಎಲ್ಲ ಸೇರಿ. ಬೆಳಿಗ್ಗೆಯೇ ಅಷ್ಟು ನೀರನ್ನು ಬಾಟಲಿಗೆ ತುಂಬಿಡುತ್ತಿದ್ದಳು. ಟೀ ಕೊಟ್ಟರೆ ಬಾಟಲಿಯಿಂದ ಅಷ್ಟನ್ನು ಚೆಲ್ಲುತ್ತಿದ್ದಳು. ಕೋಲಾ ಕೂಡದು. ಕಿತ್ತಳೆ ರಸವಂತೂ ಕೂಡಲೇ ಕೂಡದು, ಪೊಟ್ಯಾಸಿಯಂ ಏರಿ ಹೃದಯವೇ ನಿಂತುಹೋಗಬಹುದು ಎಂದು ಆಸ್ಪತ್ರೆಯವರು ಎಚ್ಚರಿಸಿದ್ದರು.

"ಇವತ್ತು ಏನೇನಿದೆ?" ಎಂದು ಅವನು ಹೋಟೆಲಿಗೆ ಬಂದವನ ಹಾಗೆ ಕೇಳುವನು. ಎರಡು ಹನಿ ನಿಂಬೆ ಹಿಂಡಿದ ನೀರು, ಅರ್ಧ ಲೋಟ ಸೇಬಿನ ರಸ, ತೆಳ್ಳನೆ ಟೀ ಎಂದು ಅವಳು ಮಾಣಿಯ ಹಾಗೆ ಒಪ್ಪಿಸುವಳು. ನಾಲಿಗೆ ತೀರಾ ಒಣಗಿದರೆ ಒಂದು ಐಸ್ ಚೂರು. ನಾಲ್ಕು ವರ್ಷ ಹೀಗೇ ನಡೆಯಿತು.

ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕನಿಗೆ ಇದೆಲ್ಲ ನಾದಿನಿಯ ದರ್ಬಾರಾಗಿ ಕಂಡಿತು. ಎಷ್ಟು ವಿವರಿಸಿದರೂ, ಹಣ್ಣು ಯಾರನ್ನಾದರೂ ಕೊಲ್ಲುತ್ತದೆಯೇ ಎಂದು ನಗುತ್ತಿದ್ದಳು. ಕಳೆದ ಭಾನುವಾರ ಹೆಂಡತಿ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯಲು ಹೋಗಿದ್ದಾಗ ಬಂದು, ಜಗ್ ತುಂಬ ಕಿತ್ತಳೆ ಹಿಂಡಿ ಕುಡಿಸಿದಳು.

ಸಂಜೆಗೆ ಅವನ ಕೈಕಾಲಿನ ಶಕ್ತಿಯೇ ಉಡುಗಿತು. ಆಸ್ಪತ್ರೆಯ ದಾರಿಯಲ್ಲಿ ಹೆಂಡತಿಯ ಕೈ ಹಿಡಿದು, "ಅಕ್ಕಂಗೆ ಏನೂ ಅನ್ಬೇಡ. ನಾನೂ ಬೇಡ ಅನ್ನಲಿಲ್ಲ. ತುಂಬ ಚೆನ್ನಾಗಿತ್ತು ಕಣೆ," ಅಂದ.

ಆಯಿತು ಎಂದು ಅವಳು ಮಾತು ಕೊಟ್ಟಿದ್ದಳು.

*

ಈಗ ಎದ್ದು ನಿಂತಳು.

"ಅತ್ತಿಗೆ, ಭಾನುವಾರ ಏನು ಕುಡಿಸಿದ್ರಿ, ಇವರಿಗೂ ಹೇಳಿ."

ಅಕ್ಕನ ಅಳು ಗಕ್ಕನೆ ನಿಂತಿತು. "ಹಣ್ಣಿನ ರಸ ತಾನೇ."

"ಕೊಡಬೇಡಿ, ಪ್ರಾಣ ಹೋಗುತ್ತೆ ಅಂತ ಎಷ್ಟು ಸಲ ಹೇಳಿದ್ದೆ?"

ಅಕ್ಕ ಗೋಡೆ ಪಕ್ಕ ನಿಂತಿದ್ದ ಡಯಾಲಿಸಿಸ್ ನರ್ಸ್ ಕಡೆ ನೋಡಿದಳು. ಹಾಗೇನಿಲ್ಲ ಎಂದು ಅವಳಾದರೂ ಹೇಳಲಿ ಎಂಬಂತೆ. ನರ್ಸ್ ತಲೆ ತಗ್ಗಿಸಿದಳು. ಅಕ್ಕನಿಗೆ ಒತ್ತಿ ಕೂತಿದ್ದ ಹೆಂಗಸರು ಸದ್ದಿಲ್ಲದೆ ಸರಿದುಕೊಂಡರು. ಸುತ್ತ ಒಂದು ಮಾರು ನೆಲ ಖಾಲಿಯಾಯಿತು. ಹೆಂಡತಿ ಅದನ್ನು ಕಣ್ತುಂಬ ನೋಡಿದಳು.

ಶವದ ವ್ಯಾನು ಬಂತು. ಹತ್ತಲು ಅಕ್ಕ ಹಿಡಿಗೆ ಕೈ ಹಾಕಿದಾಗ ಹೆಂಡತಿ ಒಳಗಿನಿಂದ ಬಾಗಿಲು ಎಳೆದುಕೊಂಡಳು.

"ನೀವು ಬರೋದು ಬೇಡ."

"ನಾನು ಎತ್ತಿ ಆಡಿಸಿದ ಕೂಸು ಕಣೆ ಅದು."

ಹೆಂಡತಿ ಚಿಲಕ ಹಾಕಿದಳು. ವ್ಯಾನು ಹೊರಟಿತು. ಮುದುಕಿಯೊಬ್ಬರು ಹಿಂದೆಯೇ ಓಡಿ ಬರುತ್ತಿದ್ದಾರೆ, ನಿಲ್ಲಿಸಲಾ ಎಂದು ಡ್ರೈವರ್ ಕೇಳಿದ. ಬೇಡವೆಂದಳು.

ಹಿಂಬದಿಯ ಗಾಜಿನಲ್ಲಿ ಅಕ್ಕ ಬರಿಗಾಲಲ್ಲಿ ಓಡುತ್ತಿದ್ದಳು. ತಿರುವಿನ ಹತ್ತಿರ ಮೊಣಕಾಲಿಗೆ ಕೈಯೂರಿ ನಿಂತುಬಿಟ್ಟಳು. ಹಿಂದೆ ಬಂದ ಬಸ್ಸೊಂದು ಅವಳು ದಾರಿ ಬಿಡಲೆಂದು ಹಾರನ್ ಹೊಡೆಯುತ್ತಲೇ ಇತ್ತು.