ಅಡುಗೆ ಕೋಣೆಗೆ ಬಂದ ಹೊಗೆ

ಹಳದೀಪುರದ ಹೆದ್ದಾರಿ ಬದಿಯಲ್ಲಿ ಶ್ರೀರಾಮ ನಾಯ್ಕನದೊಂದು ಸಣ್ಣ ಹೋಟೆಲು. ಗಲ್ಲಾ ಪೆಟ್ಟಿಗೆಯ ಮುಂದೆ ಅವನು, ಒಲೆಯೆದುರು ಹೆಂಡತಿ ದೇವಿ. ಕುಮಟಾ–ಹೊನ್ನಾವರ ನಡುವೆ ಓಡಾಡುವ ಟೆಂಪೋ, ಲಾರಿಗಳ ಚಾಲಕರು ಅವಳ ಈರುಳ್ಳಿ ಭಜೆಗಾಗಿಯೇ ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಚಾ ಕುಡಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತು ಬೀಡಿ, ಸಿಗರೇಟು ಸೇದುವುದು ಅವರ ರೂಢಿ.

ಕೆಲವು ವರ್ಷಗಳ ಹಿಂದೆ ಪಂಚಾಯತಿಯವರು ಅದಕ್ಕೆ ತಡೆ ಹಾಕಿದರು. ಹೋಟೆಲಿನಲ್ಲಾಗಲಿ ಬಸ್ಸು ನಿಲ್ಲುವಲ್ಲಾಗಲಿ ಸೇದಿದರೆ ದಂಡ. ಸೇದಲು ಬಿಟ್ಟ ಅಂಗಡಿಯವನಿಗೂ ದಂಡ.

"ಒಳ್ಳೇದೇ ಆತು" ಅಂದಳು ದೇವಿ.

ಶ್ರೀರಾಮನಿಗೆ ಹಾಗನ್ನಿಸಲಿಲ್ಲ. ಕೂತು ಒಂದು ದಮ್ಮು ಎಳೆಯಲಾಗದಿದ್ದರೆ ಗಿರಾಕಿಗಳು ಇಲ್ಲಿ ಯಾಕೆ ನಿಲ್ಲಿಸಿಯಾರು? ಅವನು ಅಡುಗೆ ಕೋಣೆಯ ಹಿಂದೆ, ಪಾತ್ರೆ ತೊಳೆಯುವ ಜಾಗಕ್ಕೆ ತಗಡು ಹೊಡೆಸಿ ಬೆಂಚನ್ನು ಅಲ್ಲಿಗೆ ಸಾಗಿಸಿದ. ರಸ್ತೆಯಿಂದ ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಹೊಗೆಯೆಲ್ಲ ಅಡುಗೆ ಕೋಣೆಯ ಬಾಗಿಲಿನಿಂದ ಒಳಗೇ ಬರುತ್ತಿತ್ತು.

"ಆ ಬೆಂಚು ತೆಗೀರಿ. ಒಲೆ ಮುಂದೆ ನಿಲ್ಲೂಕಾಗುದಿಲ್ಲ" ಎಂದು ದೇವಿ ಒಮ್ಮೆ ಹೇಳಿದಳು.

"ತೆಗೆದ್ರೆ ನಾವು ಉಣ್ಣುದು ಎಂತ?"

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಹಿಂದೆ ಬಂದು ಕೂರುವವರಲ್ಲಿ ಜಟ್ಟಿಯೂ ಒಬ್ಬ. ಅದೇ ಊರಿನವನು, ಮೀನಿನ ಟೆಂಪೋ ಓಡಿಸುವವನು. ಅವನಿಗೆ ಬೆಂಚು ಬೇಕಿರಲಿಲ್ಲ. ಅಡುಗೆ ಕೋಣೆಯ ಬಾಗಿಲಿಗೆ ಒರಗಿ ನಿಂತು, ಸಿಗರೇಟು ಸೇದುತ್ತ, "ದೇವಕ್ಕ, ಕೇಳು" ಎಂದು ಮನೆಯ, ಮಗಳ ಕಷ್ಟ ಸುಖ ಹೇಳಿಕೊಳ್ಳುತ್ತಿದ್ದ. ತಮ್ಮನಿಲ್ಲದ ದೇವಿಗೆ ಅವನ ಮೇಲೆ ಅಕ್ಕರೆ. ಅವನು ಬರುವುದು ತಡವಾದರೆ ಭಜೆ ಮುಚ್ಚಿಡುತ್ತಿದ್ದಳು.

ದೇವಿಗೆ ಕೆಮ್ಮು ಶುರುವಾದಾಗ ಮಳೆಗಾಲದ ಥಂಡಿ ಅಂದುಕೊಂಡರು. ಮಳೆ ಹೋಯಿತು, ಕೆಮ್ಮು ಹೋಗಲಿಲ್ಲ. ಕಫದಲ್ಲಿ ರಕ್ತ ಕಂಡ ದಿನ ಜಟ್ಟಿಯೇ ಯಾರದೋ ಕಾರು ಕೇಳಿ ತಂದು ಇಬ್ಬರನ್ನೂ ಮಂಗಳೂರಿಗೆ ಕರೆದೊಯ್ದ.

ವರದಿ ಬಂದ ಮೇಲೆ ಡಾಕ್ಟರು ದೇವಿಯನ್ನು ಕೇಳಿದರು, "ಬೀಡಿ ಸೇದುವ ಅಭ್ಯಾಸ ಇತ್ತಾ?"

ದೇವಿ ನಾಚಿಕೆಯಿಂದ ತಲೆಯಾಡಿಸಿದಳು. "ಇಲ್ಲ. ಯಾವತ್ತೂ ಇಲ್ಲ."

"ಸೌದೆ ಒಲೆಯಾ?"

"ಗ್ಯಾಸು ಬಂದು ಬಹಳ ವರ್ಷ ಆತು."

"ಮನೆಯಲ್ಲಿ ಸೇದುವವರಿದ್ದಾರಾ?"

ಅವಳು ಗಂಡನ ಮುಖ ನೋಡಿದಳು. ಶ್ರೀರಾಮನೇ ಹೋಟೆಲಿನ ವಿಷಯ ಹೇಳಿದ. ಡಾಕ್ಟರು ಬಯ್ಯಲಿಲ್ಲ. "ಅದರಿಂದಲೇ ಆಯ್ತು ಅಂತ ಹೇಳೋಕಾಗೋದಿಲ್ಲ. ಅದೂ ಕಾರಣ ಇರಬಹುದು" ಎಂದರು. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ಆಗಲೇ ಹಬ್ಬಿತ್ತು.

ಬರುವಾಗ ಕಾರಿನಲ್ಲಿ ಶ್ರೀರಾಮ ಡಾಕ್ಟರ ಮಾತನ್ನು ಜಟ್ಟಿಗೆ ಇದ್ದ ಹಾಗೇ ಹೇಳಿದ. ಭಟ್ಕಳದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಜಟ್ಟಿಯ ಕೈ ತಾನಾಗಿ ಅಂಗಿ ಕಿಸೆಗೆ ಹೋಯಿತು. ದೇವಿ ನೋಡುತ್ತಿದ್ದಾಳೆ ಎಂದು ತಿಳಿದು ಕೈ ಕೆಳಗಿಳಿಸಿದ.

"ದೂರ ಹೋಗಿ ಸೇದಿ ಬಾ" ಅಂದಳು ದೇವಿ. "ಬೆಳಗಿಂದ ಗಾಡಿ ಹೊಡೀತಾ ಇದ್ದಿ. ನಾವು ಕೂತಿರ್ತೇವೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಜಟ್ಟಿ ರಸ್ತೆ ದಾಟಿ ಆಚೆ ಬದಿಗೆ ಹೋದ. ಸೇದಲಿಲ್ಲ; ಒಂದು ಗೋಡೆಗೆ ಮುಖ ಮಾಡಿ ನಿಂತು ಅತ್ತ.

ಮರುದಿನವೇ ಶ್ರೀರಾಮ ತಗಡು ಕೀಳಿಸಿದ. ಅಡುಗೆ ಕೋಣೆಗೆ ಎರಡೂ ಕಡೆಯಿಂದ ಗಾಳಿ ಬಂತು. ಅಲ್ಲಿ ನಿಲ್ಲಲು ದೇವಿಗೆ ಶಕ್ತಿಯಿರಲಿಲ್ಲ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ತೀರಿಕೊಂಡಳು.

ಹೋಟೆಲು ಮತ್ತೆ ತೆರೆಯಿತು. ಭಜೆಯನ್ನು ಈಗ ಶ್ರೀರಾಮನೇ ಕರಿಯುತ್ತಿದ್ದ. ಒಂದು ದಿನ ಉಪ್ಪು ಹೆಚ್ಚು, ಇನ್ನೊಂದು ದಿನ ಕಡಿಮೆ. ಸೇದಲು ಜಾಗವಿಲ್ಲವೆಂದು ಗಿರಾಕಿಗಳೇನೂ ಬಿಟ್ಟು ಹೋಗಲಿಲ್ಲ. ಬೇಕಾದವರು ಗಾಡಿಯ ಆಚೆ ಹೋಗಿ ಸೇದಿ ಬರುತ್ತಿದ್ದರು. ಇಷ್ಟೇ ಆಗಿದ್ದರೆ ಆ ಬೆಂಚನ್ನು ಮೊದಲೇ ತೆಗೆಯಬಹುದಿತ್ತಲ್ಲ ಎಂದು ಶ್ರೀರಾಮ ಒಲೆಯೆದುರು ನಿಂತಾಗೆಲ್ಲ ನೆನೆಯುತ್ತಿದ್ದ. ಬಾರದವನು ಜಟ್ಟಿಯೊಬ್ಬನೇ. ಅವನ ಟೆಂಪೋ ಹೋಟೆಲಿನೆದುರು ಜೋರಾಗಿ ಹಾದುಹೋಗುತ್ತಿತ್ತು.

ಒಂದು ದಿನ ಕುಮಟಾದ ಮೀನು ಪೇಟೆಯಲ್ಲಿ ಶ್ರೀರಾಮ ಅವನನ್ನು ಹಿಡಿದು ನಿಲ್ಲಿಸಿದ.

"ಬರುದೇ ಬಿಟ್ಯಲ್ಲ."

"ಯಾವ ಮುಖ ಇಟ್ಕಂಡು ಬರುದು ಶ್ರೀರಾಮಣ್ಣ? ಅವಳ ಮುಖದೆದುರೇ ನಿಂತು ಸೇದಿದವ ನಾನು."

"ಜಾಗ ಮಾಡಿಕೊಟ್ಟವ ನಾನಲ್ಲನಾ?"

ಜಟ್ಟಿ ಕೈಯಲ್ಲಿದ್ದ ಮೀನಿನ ಬುಟ್ಟಿ ಕೆಳಗಿಟ್ಟ. ಆಮೇಲೆ ಕೇಳಿದ, "ಕಡೇಗೆ ನನ್ನ ಬಗ್ಗೆ ಎಂತಾದ್ರೂ ಹೇಳಿದ್ಲಾ?"

"ನಿನ್ನ ಮಗಳಿಗೆ ಜ್ವರ ಬಿಡ್ತಾ ಅಂತ ಕೇಳಿದ್ಲು."

ಮರುದಿನ ಬೆಳಿಗ್ಗೆ ಜಟ್ಟಿ ಬಂದ. ಚಾ ಕುಡಿದ, ಭಜೆ ಕೇಳಲಿಲ್ಲ. ಈಗಲೂ ದಿನಾ ಬರುತ್ತಾನೆ. ಸಿಗರೇಟು ಬಿಡಬೇಕೆಂದು ಎಷ್ಟೋ ಸಲ ಹೊರಟ, ಆಗಿಲ್ಲ. ಅವನ ಅಂಗಿಯ ವಾಸನೆ ಶ್ರೀರಾಮನ ಮೂಗಿಗೆ ಬಡಿಯುತ್ತದೆ. ಆದರೂ ಶ್ರೀರಾಮ ಚಾ ಲೋಟ ಮುಂದಿಟ್ಟು ಎದುರು ಕೂರುತ್ತಾನೆ.