ಆ ಕೈಯೊಂದನ್ನು ಬಿಟ್ಟು

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಸರಿಯಾಗಿ ಬೆಳಕು ಹರಿಯುವ ಮೊದಲೇ ಮನೆಯ ಹಿಂದಿನ ಟೆನಿಸ್ ಅಂಕಣದಲ್ಲಿ ಚೆಂಡಿನ ಸದ್ದು ಶುರುವಾಯಿತು. ದೊಡ್ಡ ಮಗಳು ಹಿಂದಿನ ದಿನ ಮೊದಲ ಸುತ್ತಿನಲ್ಲೇ ಸೋತು ಬಂದಿದ್ದಳು. ಸೋತರೆ ಆ ಮನೆಯಲ್ಲೊಂದು ಕ್ರಮವಿತ್ತು. ಅವಳು ಬಲಗೈಯನ್ನು ಬೆನ್ನ ಹಿಂದಿಟ್ಟು ಬಲೆಯ ಬಳಿ ನಿಲ್ಲಬೇಕು, ಆಚೆಯಿಂದ ಅಪ್ಪ ಚೆಂಡು ಬಾರಿಸುತ್ತಾನೆ. ತೊಡೆ, ಹೊಟ್ಟೆ, ಭುಜ, ಎಲ್ಲಿಗಾದರೂ ಬೀಳಲಿ, ಆಡುವ ಕೈಗೆ ಮಾತ್ರ ತಾಗಬಾರದು. ಆ ಕೈಯಲ್ಲಿ ಅವಳು ಪಾತ್ರೆ ಎತ್ತುವಂತಿರಲಿಲ್ಲ, ಬಾಗಿಲು ತಳ್ಳುವಂತಿರಲಿಲ್ಲ. ದೇಶ ದೇಶ ಸುತ್ತಿ ಆಡುವ ಮಗಳಿಗೆ ಅಮ್ಮ ಈಗಲೂ ಜಡೆ ಹಾಕುತ್ತಿದ್ದಳು.

"ಯಾಕೆ ಸೋತೆ?" ಚೆಂಡು ಪಕ್ಕೆಗೆ ಬಡಿಯಿತು.

"ಅವಳು ಚೆನ್ನಾಗಿ ಆಡಿದ್ಲು, ಕೋಚ್." ಅಪ್ಪ ಎಂದು ಕರೆಯುವಂತಿರಲಿಲ್ಲ.

"ಹಂಗಾದ್ರೆ ಅವಳಿಗೊಂದು ಹಾರ ಹಾಕಿ ಬರ್ಬೇಕಿತ್ತು."

ಮುಂದಿನ ಚೆಂಡಿಗೆ ತುಟಿ ಒಡೆಯಿತು.

"ಮುಖಕ್ಕೆ ಬೇಡಾಂದ್ರೆ," ಅಮ್ಮ ಬಾಗಿಲಿಂದಲೇ ಅಂದಳು. "ಫೋಟೋದಲ್ಲಿ ಕಾಣುತ್ತೆ."

ಅಷ್ಟರಲ್ಲಿ ಕಿರಿಯವಳು, ಹತ್ತು ವರ್ಷದ ಚೂಟಿ, ಕಣ್ಣುಜ್ಜುತ್ತಾ ಬಂದಳು.

"ನೀನೂ ಮೊನ್ನೆ ಸ್ಕೂಲಲ್ಲಿ ಸೋತ್ಯಲ್ಲ. ನಿಲ್ಲು ಬಾ. ಬಲಗೈ ಹಿಂದೆ."

"ನಾನು ಎಡಚಿ ಅಲ್ವಾ, ಕೋಚ್?" ಚೂಟಿ ನಕ್ಕಳು.

"ಎಡಗೈ ಹಿಂದಿಡು."

ಮೊದಲ ಚೆಂಡಿಗೇ ಮಗು ಹೊಟ್ಟೆ ಹಿಡಿದು ಕುಸಿಯಿತು. ದೊಡ್ಡವಳು ಅಡ್ಡ ನಿಂತಳು. ಅಪ್ಪ ಬಲೆ ಸುತ್ತಿ ಬಂದ.

"ಆಚೆ ಸರಿ."

"ಇವಳು ಬೇಡ."

ಅವನು ರ‍್ಯಾಕೆಟ್ ಬೀಸಿದ. ಅವಳು ಬೆನ್ನ ಹಿಂದಿದ್ದ ಕೈಯನ್ನು ಎದುರಿಗೊಡ್ಡಿದಳು. ಮಣಿಕಟ್ಟಿನ ಮೂಳೆ ಮುರಿದ ಸದ್ದು ಬಾಗಿಲವರೆಗೂ ಕೇಳಿತು. ಅಪ್ಪ ರ‍್ಯಾಕೆಟ್ ಬಿಸುಟು ಮಂಡಿಯೂರಿದ. ಬಾಗಿ ನೇತಾಡುತ್ತಿದ್ದ ಆ ಕೈಯನ್ನು ಹಿಡಿದು ಬಾಯಿಂದ ಊದತೊಡಗಿದ.

"ಇದನ್ಯಾಕೆ ಒಡ್ಡಿದೆ? ಇನ್ನೊಂದು ಕೈ ಇರ್ಲಿಲ್ವಾ ನಿಂಗೆ?" ಅವನು ಅಳುತ್ತಿದ್ದ.

ಅವಳು ತುಟಿಯ ರಕ್ತ ಉಗುಳಿದಳು.

ಇನ್ನು ಆಟದ ಮಾತು ಬಿಡಿ ಎಂದರು ಆಸ್ಪತ್ರೆಯಲ್ಲಿ. ಅಪ್ಪ ಎರಡು ದಿನ ಗೋಡೆ ನೋಡುತ್ತಾ ಕೂತ. ಮೂರನೆಯ ಸಂಜೆ ಊಟಕ್ಕೆ ಎದ್ದು ಬಂದವನು ಚೂಟಿಯ ಕೈಯಿಂದ ನೀರಿನ ತಂಬಿಗೆ ಇಸಕೊಂಡ.

"ಎಡಗೈಯಲ್ಲಿ ಭಾರ ಎತ್ತಬೇಡ ಕಣೇ."

ಅಮ್ಮ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಇಟ್ಟಳು.

ಮರುದಿನ ಬೆಳಗಿನ ಜಾವ ಇಬ್ಬರು ಮಕ್ಕಳಿಗೂ ಬಿಗಿಯಾಗಿ ಜಡೆ ಹಾಕಿ, ತನ್ನ ಚಪ್ಪಲಿಯನ್ನೂ ಹುಡುಕಿದಳು. ದೊಡ್ಡವಳು ಪ್ಲಾಸ್ಟರ್ ಹಾಕಿದ ಬಲಗೈಯಿಂದಲೇ ಗೇಟು ತಳ್ಳಿದಳು. ಮೂವರೂ ಮನೆ ಬಿಟ್ಟು ಹೊರಟರು.