ಆಟದ ಊರಿನ ಅಂಚು

ಲಿಫ್ಟ್ ಮೆಕ್ಯಾನಿಕ್‌ಗೆ ಬರುತ್ತಿದ್ದ ಭಾಷೆ ಎರಡೇ: ಒಂದು ಮನೆಯದು, ಇನ್ನೊಂದು ಸ್ಪ್ಯಾನರಿನದು. ಅಂಥವನು ಭಾನುವಾರ ಬೆಳಗ್ಗೆ ಸ್ನಾನವನ್ನೂ ಮಾಡದೆ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕೂತಿದ್ದ. ಹುಚ್ಚೆಂದರೆ ಹುಚ್ಚೇ. ಆದರೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಅಮ್ಮನಿಗೆ ಮರೆವಿನ ಕಾಯಿಲೆ. ಒಮ್ಮೆ ಚಪ್ಪಲಿಯೂ ಇಲ್ಲದೆ ಹೊರಟವಳು ಸಂಜೆಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಮಾರನೆಯ ದಿನ ಅವನೇ ಮುಂಬಾಗಿಲಿಗೆ ಬೀಗ ಜಡಿದ. ಆಮೇಲೆ ಅವಳ ಪಾಲಿಗೆ ಉಳಿದ ಬಯಲು ಒಂದೇ: ಹಾಸ್ಟೆಲ್ ಸೇರುವ ಮುಂಚೆ ಮೊಮ್ಮಗಳು ಹಾಕಿಕೊಟ್ಟು ಹೋದ ಕಂಪ್ಯೂಟರ್ ಆಟ. ಅದರಲ್ಲಿ ಗುಡ್ಡ, ಹೊಳೆ, ಒಂದು ಪುಟ್ಟ ಮನೆ. ಅಮ್ಮ ಕೀಬೋರ್ಡಿನ ಕೀಲಿ ಒತ್ತಿಕೊಂಡು ದಿನವಿಡೀ ಅಲ್ಲಿ ನಡೆಯುತ್ತಿದ್ದಳು. ಕಷ್ಟವೇನೆಂದರೆ, ಅಲ್ಲೂ ದಾರಿ ತಪ್ಪುತ್ತಿತ್ತು. ತಪ್ಪಿದರೆ ಎಳೆಮಗುವಿನಂತೆ ಅಳುತ್ತಿದ್ದಳು.

"ರೀ, ಅತ್ತೆ ಅಳೋದು ನೋಡಕ್ಕಾಗಲ್ಲ. ಆ ಆಟಾನೂ ತೆಗೆದುಬಿಡೋಣ," ಎಂದಿದ್ದಳು ಹೆಂಡತಿ.

ಒಂದು ಬೀಗ ಹಾಕಿದ ಕೈಯಿಂದಲೇ ಇನ್ನೊಂದನ್ನೂ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. "ಇವತ್ತೊಂದು ದಿನ ಕೊಡು," ಎಂದ.

ಆಟದ ಊರನ್ನು ಹೊತ್ತುಕೊಂಡಿರುವುದು ಮೂಲೆಯ ಹಳೇ ಕಂಪ್ಯೂಟರ್, ಅದೇ ಸರ್ವರ್. ಆ ಊರಿಗೆ ನಾವೇ ಬರೆದು ಸೇರಿಸುವ ಹೊಸ ಕಟ್ಟಳೆಗೆ ಪ್ಲಗಿನ್ ಎನ್ನುತ್ತಾರೆ ಎಂದು ಮಗಳು ಹಾಸ್ಟೆಲಿನಿಂದ ಫೋನಿನಲ್ಲಿ ಹೇಳಿದ್ದಳು. ಅವನಿಗೆ ಬೇಕಿದ್ದ ಕಟ್ಟಳೆ ಇಷ್ಟೇ: ಅಮ್ಮ ಊರಿನ ಅಂಚು ದಾಟಿದ ಕೂಡಲೇ ಅವಳನ್ನು ಎತ್ತಿ ಆ ಪುಟ್ಟ ಮನೆಯ ಬಾಗಿಲಲ್ಲಿ ಇಳಿಸಬೇಕು.

ಬರೆಯುವ ಮುಂಚೆ ನೂರೆಂಟು ಸಿದ್ಧತೆ. ಪ್ಲಗಿನ್ ಬರೆಯುವ ಭಾಷೆ ಜಾವಾ, ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡ. ಬರೆಯಲು ಒಂದು ಎಡಿಟರ್, ಬರೆದದ್ದನ್ನು ಕಟ್ಟಿ ಒಂದೇ ಫೈಲ್ ಮಾಡಿಕೊಡಲು ಇನ್ನೊಂದು ಸಾಧನ. ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ನೋಡದೆ ಜನರನ್ನು ಹತ್ತಿಸಬಾರದು ಎಂಬುದು ಅವನ ಕಸುಬಿನ ಮೊದಲ ಪಾಠ. ಹಾಗಾಗಿ ಸರ್ವರಿನ ನಕಲೊಂದನ್ನು ಲ್ಯಾಪ್‌ಟಾಪಿನಲ್ಲೇ ಎಬ್ಬಿಸಿದ. ಮಗಳು ಕಳಿಸಿದ ಮಾದರಿ ನೋಡಿಕೊಂಡು ಬರೆದ ಪ್ಲಗಿನ್ ಹಾಕಿದರೆ ಅದು ಸುತರಾಂ ಒಪ್ಪಲಿಲ್ಲ, ತೆರೆಯ ಕಪ್ಪು ಕಿಟಕಿಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. ತಲೆ ಮೊಸರು ಗಡಿಗೆಯಾಯಿತು. ಕೊನೆಗೆ ನೋಡಿದರೆ, ಸರ್ವರ್ ಓಡುತ್ತಿದ್ದದ್ದು ಹಳೇ ಜಾವಾದಲ್ಲಿ, ಇವನು ಕಟ್ಟಿದ್ದು ಹೊಸದರಲ್ಲಿ. ಹಳೇ ಲಿಫ್ಟಿಗೆ ಹೊಸ ಮಾದರಿಯ ಕಂಟ್ರೋಲ್ ಬೋರ್ಡ್ ಕೂರಿಸಿದ ಹಾಗೆ! ಹಳೆಯದಕ್ಕೆ ತಕ್ಕಂತೆ ಮತ್ತೆ ಕಟ್ಟಿದ. ಈಗ ಪ್ಲಗಿನ್ ಸದ್ದಿಲ್ಲದೆ ಕೂತಿತು. ತಾನೇ ಆಟದ ಗೊಂಬೆಯಾಗಿ ನಡೆದು ಅಂಚು ದಾಟಿ ನೋಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮನೆ ಬಾಗಿಲಲ್ಲಿದ್ದ. ಹಿರಿಹಿರಿ ಹಿಗ್ಗಿದ.

ಮಧ್ಯಾಹ್ನ ಅದನ್ನು ನಿಜವಾದ ಸರ್ವರಿಗೆ ಹಾಕಿ ಅಮ್ಮನನ್ನು ಕೂರಿಸಿದ. ಅವಳು ಹೊಳೆ ದಾಟಿದಳು, ಗುಡ್ಡ ಹತ್ತಿದಳು, ತಟ್ಟನೆ ಮನೆ ಬಾಗಿಲಲ್ಲಿದ್ದಳು. ಮತ್ತೆ ಹೊರಟಳು, ಮತ್ತೆ ಅದೇ ಬಾಗಿಲು. ಇನ್ನೊಮ್ಮೆ ಹೊರಟಳು. ಆಮೇಲೆ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಅಳಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು.

"ಗುಡ್ಡದಾಚೆ ನನ್ನ ತವರು ಕಣಪ್ಪಾ," ಎಂದಳು. "ಇಲ್ಲೂ ಬೀಗ ಹಾಕಿದ್ರಾ?"

ಅವನು ಖಾಲಿ ಲಿಫ್ಟ್ ಓಡಿಸಿ ನೋಡಿದ್ದ ನಿಜ. ಹತ್ತುವವಳು ಎಲ್ಲಿಗೆ ಹೊರಟಿದ್ದಾಳೆಂದು ಕೇಳಿರಲಿಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ದೈವದ ತಲೆಗೆ ಕಟ್ಟುವಂತೆಯೂ ಇರಲಿಲ್ಲ. ಬಗೆದವನೂ ಬರೆದವನೂ ಅವನೇ.

ಪ್ಲಗಿನ್ ಕಿತ್ತು ಹಾಕಿ ಮತ್ತೆ ಎಡಿಟರ್ ತೆರೆದ. ತಿದ್ದಬೇಕಿದ್ದದ್ದು ಒಂದೇ ಸಾಲು: ಯಾರನ್ನು ಎತ್ತಿ ಎಲ್ಲಿ ಇಳಿಸಬೇಕು ಎಂಬುದು. ಅಮ್ಮನ ಜಾಗದಲ್ಲಿ ತನ್ನನ್ನು ಬರೆದ, ಮನೆ ಬಾಗಿಲಿನ ಜಾಗದಲ್ಲಿ ಅಮ್ಮನನ್ನು.

ಸಂಜೆ ಅಮ್ಮ ಅಂಚು ದಾಟಿದಾಗ, ಲ್ಯಾಪ್‌ಟಾಪಿನಲ್ಲಿ ಕಾಯುತ್ತಿದ್ದ ಅವನ ಗೊಂಬೆ ಅವಳ ಗೊಂಬೆಯ ಪಕ್ಕದಲ್ಲಿ ಇಳಿಯಿತು. ಅವಳು ತೆರೆಯಿಂದ ಕಣ್ಣು ತೆಗೆಯದೆ ಅದನ್ನೇ ದಿಟ್ಟಿಸಿದಳು.

"ಯಾರಪ್ಪಾ ನೀನು? ದಾರಿ ತಪ್ಪಿದ್ಯಾ?"

ಅವನು ಕೋಣೆಯಲ್ಲಿ ಅವಳ ಬೆನ್ನ ಹಿಂದೆಯೇ ಕೂತಿದ್ದ. "ಹೂಂ ಅಮ್ಮ," ಎಂದ.

"ಕತ್ತಲಾಗ್ತಿದೆ, ಹೆದರ್ಕೋಬೇಡ. ನನ್ನ ಜೊತೆ ಬಾ, ನಿಮ್ಮಮ್ಮ ಕಾಯ್ತಿರ್ತಾಳೆ. ಮನೆಗೆ ಬಿಡ್ತೀನಿ."

ಅವಳು ಹೊರಟದ್ದು ಆ ಪುಟ್ಟ ಮನೆಯ ಕಡೆಗಲ್ಲ, ತವರಿನ ಕಡೆಗೆ. ಅವನು ತಿದ್ದಲಿಲ್ಲ, ಅವಳ ಹಿಂದೆಯೇ ನಡೆದ.